ಓದುಗರ ಪ್ರಶ್ನೆ: ಸಂಗೀತದ ಸಾಕ್ಷ್ಯಚಿತ್ರಕ್ಕೆ ಯಾವ ವಯೋಮಿತಿ?

ಕಿರು ಸಾಕ್ಷ್ಯಚಿತ್ರಗಳಿಗೆ ವಯೋಮಿತಿ ನಿಗದಿಪಡಿಸುವ ಬಗ್ಗೆ, ಅದರಲ್ಲೂ ಸಂಗೀತಗಾರರ ಬದುಕನ್ನು ಹೇಳುವ ಚಿತ್ರಗಳ ಬಗ್ಗೆ ಬಂದ ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲ ಪತ್ರದಲ್ಲಿ ಉಳಿದ ಹಲವು ಪ್ರಶ್ನೆಗಳೂ ಅಡಗಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಾವು ಕೆಲವು ಸ್ನೇಹಿತರು ಸೇರಿ ಒಂದು ರಾಕ್ ತಂಡದ ಕುರಿತು 22 ನಿಮಿಷಗಳ ಸಾಕ್ಷ್ಯಚಿತ್ರ ಮಾಡಿದ್ದೇವೆ. ಒಂದು ಹಾಡಿನ ಪಲ್ಲವಿಯಲ್ಲಿ ಒರಟಾದ ಬೈಗುಳವಿದೆ. ಡ್ರಮ್ಸ್ ನುಡಿಸುವವರು ತಮ್ಮ ಮಾದಕವ್ಯಸನದ ವರ್ಷಗಳ ಬಗ್ಗೆ ಮೂರು ನಿಮಿಷ ಮಾತನಾಡುತ್ತಾರೆ. ಸೇವನೆಯ ದೃಶ್ಯ ಎಲ್ಲಿಯೂ ಇಲ್ಲ. ತಂಡದ ಮೊದಲ ಗಾಯಕರು ಆತ್ಮಹತ್ಯೆ ಮಾಡಿಕೊಂಡ ಸಂಗತಿಯೂ ಬರುತ್ತದೆ. ಹದಿಹರೆಯದವರು ಇದನ್ನು ನೋಡಬೇಕೆಂಬುದು ನಮ್ಮ ಆಸೆ. ನಮ್ಮಲ್ಲಿ ಒಬ್ಬರು ‘ಎಲ್ಲರಿಗೂ’ ಎಂದು ಹಾಕೋಣ ಎನ್ನುತ್ತಾರೆ. ಇನ್ನೊಬ್ಬರು ತೊಂದರೆಯೇ ಬೇಡ, ‘ವಯಸ್ಕರಿಗೆ ಮಾತ್ರ’ ಎಂದುಬಿಡೋಣ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ನೀವು ವಿವರಿಸಿದ ಚಿತ್ರಕ್ಕೆ ಎರಡೂ ಸರಿಹೊಂದುವುದಿಲ್ಲ. ಹನ್ನೆರಡು–ಹದಿಮೂರು ವರ್ಷದ ಆಸುಪಾಸಿನ ವರ್ಗದಿಂದ ವಿಚಾರ ಆರಂಭಿಸಿ, ಕೆಳಗೆ ಹೇಳುವ ಎರಡು ಕಡೆ ಪರೀಕ್ಷೆ ಮಾಡಿ, ಅಗತ್ಯವೆನಿಸಿದರೆ ಹದಿನೈದು–ಹದಿನಾರಕ್ಕೆ ಏರಿಸಿ ಎಂಬುದು ನನ್ನ ಸಲಹೆ. ಭಾರತದ ಪದ್ಧತಿಯಲ್ಲಿ ಇದು ಯುಎ 13+ ಅಥವಾ ಯುಎ 16+ ಆಗುತ್ತದೆ. ಬ್ರಿಟನ್ನಿನಲ್ಲಿ 12 ಅಥವಾ 15 ಆಗುತ್ತದೆ.

ಮೊದಲಿಗೆ ‘ಸುರಕ್ಷಿತವಾಗಿ ವಯಸ್ಕರಿಗೆ’ ಎಂಬ ವಾದವನ್ನು ನೋಡೋಣ. ಅತಿಯಾಗಿ ಕಠಿಣವಾದ ವರ್ಗವೂ ತಪ್ಪು ಮಾಹಿತಿಯೇ. ಹದಿನಾಲ್ಕು ವರ್ಷದ ಮಗುವಿನ ತಾಯಿಯೊಬ್ಬರು ಆ ಗುರುತನ್ನು ನಂಬಿ ಚಿತ್ರವನ್ನು ಬದಿಗಿಟ್ಟರೆ, ವ್ಯಸನದಿಂದ ಹೊರಬಂದವರೊಬ್ಬರು ನೇರವಾಗಿ ಹೇಳುವ ಮಾತು ಅದನ್ನು ಕೇಳಬೇಕಾದ ಮಗುವಿಗೆ ತಲುಪದೇ ಹೋಗುತ್ತದೆ. 2012ರಲ್ಲಿ ಅಮೆರಿಕದಲ್ಲಿ ಇಂತಹದೇ ಸಂದರ್ಭ ಒದಗಿತ್ತು. ಶಾಲಾಮಕ್ಕಳು ಸಹಪಾಠಿಗಳಿಂದ ಅನುಭವಿಸುವ ಕಿರುಕುಳದ ಕುರಿತ ಸಾಕ್ಷ್ಯಚಿತ್ರಕ್ಕೆ, ಮಕ್ಕಳ ಬಾಯಲ್ಲೇ ಬರುವ ಬೈಗುಳಗಳ ಕಾರಣಕ್ಕೆ, ಹದಿನೇಳರ ಒಳಗಿನವರು ಹಿರಿಯರ ಜೊತೆಗಲ್ಲದೆ ನೋಡಲಾಗದ ‘ಆರ್’ ವರ್ಗ ದೊರೆತಿತ್ತು. ಯಾರ ಕಥೆಯೋ ಅವರೇ ಸ್ವತಂತ್ರವಾಗಿ ನೋಡಲಾಗದ ಸ್ಥಿತಿ ಅದು. ವಿತರಕರು ಮೊದಲು ರೇಟಿಂಗ್ ಇಲ್ಲದೆಯೇ ಚಿತ್ರವನ್ನು ಬಿಡುಗಡೆ ಮಾಡಿ, ಬಳಿಕ ಕೆಲವು ಪದಗಳನ್ನು ತೆಗೆದು, ಹದಿಮೂರರ ಒಳಗಿನವರ ಪೋಷಕರನ್ನು ಎಚ್ಚರಿಸುವುದಷ್ಟೇ ಆದ ‘ಪಿಜಿ-13’ ವರ್ಗ ಪಡೆದರು. ಆದರೆ ಚಿತ್ರದ ಜೀವಾಳದಂತಿದ್ದ ದೃಶ್ಯವೊಂದನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು.

ಇನ್ನು ‘ಎಲ್ಲರಿಗೂ’ ಎಂಬ ಆಸೆ. ಹೆಚ್ಚು ಜನರು ನೋಡಲಿ ಎಂಬ ಹಂಬಲ ಸಹಜವೇ; ಆದರೆ ರೇಟಿಂಗ್ ಚಿತ್ರದ ಗುಣಕ್ಕೆ ಕೊಡುವ ಅಂಕವಲ್ಲ. ಏಳು ವರ್ಷದ ಮಗು ಪೂರ್ವಸಿದ್ಧತೆಯಿಲ್ಲದೆ ಕುಳಿತು ನೋಡಿದಾಗ ಅದಕ್ಕೆ ಏನು ಅರ್ಥವಾಗುತ್ತದೆ, ಏನು ಅರ್ಥವಾಗದೆ ಮನಸ್ಸಿನಲ್ಲಿ ಉಳಿದುಬಿಡುತ್ತದೆ ಎಂಬುದಷ್ಟೇ ಅಲ್ಲಿನ ಪ್ರಶ್ನೆ.

ನಿರ್ಧಾರಕ್ಕೆ ಬರುವ ವಿಧಾನವೊಂದನ್ನು ನೆದರ್ಲೆಂಡ್ಸ್‌ನಿಂದ ಕಲಿಯಬಹುದು. ಅಲ್ಲಿಯ ‘ಕೈಕ್‌ವೈಜರ್’ ಪದ್ಧತಿಯಲ್ಲಿ ಚಿತ್ರ ಒದಗಿಸುವ ಸಂಸ್ಥೆಯ ತರಬೇತಿ ಪಡೆದ ಸಿಬ್ಬಂದಿಯೇ ಒಂದು ವಿಸ್ತಾರವಾದ ಪ್ರಶ್ನಾವಳಿಯನ್ನು ತುಂಬುತ್ತಾರೆ. ಹಿಂಸೆ, ಭಯ, ಲೈಂಗಿಕತೆ, ತಾರತಮ್ಯ, ಮಾದಕವಸ್ತು, ಒರಟು ಭಾಷೆ ಎಂಬ ವಿಷಯಗಳಡಿ ಅವರು ಕೊಟ್ಟ ಉತ್ತರಗಳಿಂದ ವಯಸ್ಸು ಹೊರಬೀಳುತ್ತದೆ. ನೀವೂ ಒಂದು ಹಾಳೆಯಲ್ಲಿ ಚಿತ್ರವನ್ನು ನಿಮಿಷ ನಿಮಿಷಕ್ಕೆ ದಾಖಲಿಸಿ: ಎಷ್ಟನೇ ನಿಮಿಷ, ಏನು ಕಾಣುತ್ತದೆ, ಏನು ಕೇಳಿಸುತ್ತದೆ, ಯಾರು ಹೇಳುತ್ತಾರೆ, ಯಾವ ಧಾಟಿಯಲ್ಲಿ ಹೇಳುತ್ತಾರೆ. ಈ ಕೆಲಸವನ್ನು ಸಂಕಲನಕಾರರು ಮಾಡುವುದಕ್ಕಿಂತ ಚಿತ್ರವನ್ನು ಮೊದಲ ಸಲ ನೋಡುವವರು ಮಾಡಿದರೆ ಒಳ್ಳೆಯದು, ಏಕೆಂದರೆ ಒಂದೇ ದೃಶ್ಯವನ್ನು ಮತ್ತೆ ಮತ್ತೆ ನೋಡಿದ ಕಣ್ಣಿಗೆ ಅದರ ತೀವ್ರತೆ ಗೊತ್ತಾಗುವುದಿಲ್ಲ. ಪಟ್ಟಿ ಸಿದ್ಧವಾದ ಮೇಲೆ ಸರಾಸರಿ ತೆಗೆಯಬೇಡಿ. ಅತ್ಯಂತ ಪ್ರಬಲವಾದ ಕ್ಷಣ ಯಾವುದೋ ಅದರಿಂದ ಆರಂಭಿಸಿ, ಸಂದರ್ಭವು ಅದನ್ನು ಹಗುರಗೊಳಿಸುತ್ತದೆಯೇ ಅಥವಾ ಮತ್ತಷ್ಟು ಭಾರವಾಗಿಸುತ್ತದೆಯೇ ಎಂದು ಕೇಳಿಕೊಳ್ಳಿ. ಆಸ್ಟ್ರೇಲಿಯಾದ ವರ್ಗೀಕರಣವು ವಿಷಯ, ಹಿಂಸೆ, ಲೈಂಗಿಕತೆ, ಭಾಷೆ, ಮಾದಕವಸ್ತು ಸೇವನೆ, ನಗ್ನತೆ ಎಂಬ ಆರು ಅಂಶಗಳನ್ನು ಬೇರೆಬೇರೆಯಾಗಿ ನೋಡಿ, ಪ್ರತಿಯೊಂದರ ಪರಿಣಾಮ ಅತಿಸೌಮ್ಯವೇ, ಸೌಮ್ಯವೇ, ಮಧ್ಯಮವೇ, ಪ್ರಬಲವೇ ಎಂದು ತೂಗುತ್ತದೆ. ಈ ಪದಗಳನ್ನೇ ನಿಮ್ಮ ಹಾಳೆಯ ಕೊನೆಯ ಅಂಕಣಕ್ಕೆ ಬಳಸಿಕೊಳ್ಳಬಹುದು. ಚಿತ್ರ ಚಿಕ್ಕದೆಂಬ ಕಾರಣಕ್ಕೆ ರಿಯಾಯಿತಿ ಇಲ್ಲ. 22 ನಿಮಿಷದಲ್ಲಿ ಒಂದು ಕಠಿಣ ನಿಮಿಷ ಬಂದರೆ, ನೋಡುಗರು ಅದರಿಂದ ಸಾವರಿಸಿಕೊಳ್ಳಲು ಎರಡು ಗಂಟೆಯ ಚಿತ್ರದಲ್ಲಿರುವಷ್ಟು ಅವಕಾಶ ಇಲ್ಲಿರುವುದಿಲ್ಲ.

ಈಗ ನಿಮ್ಮ ಚಿತ್ರದ ಮೂರು ಸಂಗತಿಗಳಿಗೆ ಬರೋಣ.

ಬೈಗುಳ ಪಲ್ಲವಿಯಲ್ಲಿದೆ ಎಂದಿದ್ದೀರಿ. ಸಂದರ್ಶನದಲ್ಲಿ ಒಮ್ಮೆ ಜಾರಿ ಬಂದ ಮಾತಿಗೂ ಪಲ್ಲವಿಯ ಮಾತಿಗೂ ದೊಡ್ಡ ವ್ಯತ್ಯಾಸವಿದೆ. ಪಲ್ಲವಿ ಮರಳಿ ಮರಳಿ ಬರುವುದೇ ಅದರ ಧರ್ಮ. ನೀವು ಹಾಡನ್ನು ಎಷ್ಟು ಹೊತ್ತು ಕೇಳಿಸುತ್ತೀರೋ ಅಷ್ಟೂ ಸಲ ಆ ಪದ ಲೆಕ್ಕಕ್ಕೆ ಬರುತ್ತದೆ, ಸಭಿಕರು ದನಿಗೂಡಿಸಿದರೆ ಅದೂ ಸೇರುತ್ತದೆ. ಅಮೆರಿಕದ ಪದ್ಧತಿಯಲ್ಲಿ ಲೈಂಗಿಕ ಮೂಲದ ಕಟು ಬೈಗುಳ ಉದ್ಗಾರವಾಗಿ ಒಮ್ಮೆ ಬಂದರೆ ಕನಿಷ್ಠ ಪಿಜಿ-13. ಒಂದಕ್ಕಿಂತ ಹೆಚ್ಚು ಸಲ ಬಂದರೆ, ಮಂಡಳಿಯ ವಿಶೇಷ ಬಹುಮತ ಬೇರೆ ರೀತಿ ನಿರ್ಧರಿಸದ ಹೊರತು, ಆರ್. ಬ್ರಿಟನ್ನಿನ ಮಂಡಳಿ ಹೀಗೆ ಎಣಿಕೆಯ ಮೇಲಷ್ಟೇ ನಿಲ್ಲುವುದಿಲ್ಲ. 12ರ ವರ್ಗದಲ್ಲಿ ಪ್ರಬಲ ಬೈಗುಳವನ್ನು ಅದನ್ನು ಹೇಳಿದ ರೀತಿ, ಹೇಳಿದವರು, ಪುನರಾವರ್ತನೆ, ಸಂದರ್ಭ ಇವುಗಳನ್ನು ನೋಡಿ ಒಪ್ಪಬಹುದು ಅಥವಾ ಬಿಡಬಹುದು. ಹೀಗಾಗಿ ಪಲ್ಲವಿಯನ್ನು ಪೂರ್ತಿ ಕೇಳಿಸಬೇಕೇ, ಚರಣದಿಂದಲೇ ತಂಡದ ಪರಿಚಯವಾಗುವುದಿಲ್ಲವೇ ಎಂದು ಯೋಚಿಸಿ. ಸಾಹಿತ್ಯವನ್ನು ಸಬ್‌ಟೈಟಲ್‌ನಲ್ಲಿ ತೋರಿಸಿದ್ದರೆ, ಗಿಟಾರಿನ ಅಬ್ಬರದಲ್ಲಿ ಅಸ್ಪಷ್ಟವಾಗಿದ್ದ ಪದವನ್ನು ನೀವೇ ಸ್ಪಷ್ಟಪಡಿಸಿದಂತಾಗುತ್ತದೆ ಎಂಬುದೂ ನೆನಪಿರಲಿ. ಸಂಗೀತದ ಚಿತ್ರಗಳಲ್ಲಿ ಎಲ್ಲರೂ ಮರೆಯುವ ಮತ್ತೊಂದು ಜಾಗವಿದೆ: ಹಿನ್ನೆಲೆಯ ಪೋಸ್ಟರ್, ವಾದ್ಯಪೆಟ್ಟಿಗೆಗೆ ಅಂಟಿಸಿದ ಚೀಟಿ, ಅಭಿಮಾನಿಗಳ ಟೀ ಶರ್ಟ್. ಓದಲು ಸಿಗುವ ಪದ ಕೇಳಿಸುವ ಪದದಷ್ಟೇ ಲೆಕ್ಕಕ್ಕೆ ಬರುತ್ತದೆ.

ಎರಡನೆಯದು ವ್ಯಸನದ ಮಾತು. ನಾನು ಮೇಲೆ ಹೇಳಿದ ಮೊದಲ ಪರೀಕ್ಷೆ ಇಲ್ಲಿಯೇ. ಸೇವನೆಯ ದೃಶ್ಯವಿಲ್ಲವೆಂಬುದು ನಿಮ್ಮ ಪರವಾಗಿದೆ. ಆದರೆ ಆ ಮೂರು ನಿಮಿಷ ಪರದೆಯ ಮೇಲೆ ಏನಿದೆ, ಹಿನ್ನೆಲೆಯಲ್ಲಿ ಏನು ನುಡಿಯುತ್ತಿದೆ ಎಂದು ನೀವು ಬರೆದಿಲ್ಲ. ಡ್ರಮ್ಸ್ ವಾದಕರು ‘ನಾನು ಎಲ್ಲವನ್ನೂ ಕಳೆದುಕೊಂಡೆ’ ಎನ್ನುತ್ತಿರುವಾಗ ಅದರ ಕೆಳಗೆ ತಂಡದ ಅತ್ಯಂತ ಹುರುಪಿನ ಹಾಡು ನುಡಿಯುತ್ತಿದ್ದು, ಕಿಕ್ಕಿರಿದ ಸಭಾಂಗಣ, ಹಾರಾಡುವ ಕೂದಲು, ಬೆಳಕಿನ ಮಳೆ ಒಂದರ ಹಿಂದೊಂದು ಬರುತ್ತಿದ್ದರೆ, ಹದಿಮೂರು ವರ್ಷದವರ ಮನಸ್ಸಿನಲ್ಲಿ ನಿಲ್ಲುವುದು ಆ ಹುರುಪೇ ಹೊರತು ಪಶ್ಚಾತ್ತಾಪವಲ್ಲ. ಸಂಗೀತದ ಸಾಕ್ಷ್ಯಚಿತ್ರಗಳಿಗೆ ವಿಶೇಷವಾಗಿ ಅಂಟಿಕೊಂಡ ತೊಡಕು ಇದು, ಮತ್ತು ಪದಗಳನ್ನು ಎಣಿಸುವವರಿಗೆ ಇದು ಕಾಣುವುದಿಲ್ಲ. ಆ ಭಾಗವನ್ನು ಒಮ್ಮೆ ಧ್ವನಿಯಿಲ್ಲದೆ ನೋಡಿ. ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳಿ. ಮಾತು, ಚಿತ್ರ, ಸಂಗೀತ ಮೂರೂ ಒಂದೇ ದಿಕ್ಕಿನಲ್ಲಿದ್ದರೆ ಹದಿಮೂರರ ವರ್ಗ ನಿಲ್ಲುತ್ತದೆ. ಮಾತು ಒಂದು ಕಡೆಗೂ ಸಂಗೀತ ಇನ್ನೊಂದು ಕಡೆಗೂ ಎಳೆಯುತ್ತಿದ್ದರೆ ಹದಿನಾರಕ್ಕೆ ಹೋಗಿ, ಇಲ್ಲವೇ ಆ ಭಾಗವನ್ನು ಮತ್ತೆ ಸಂಕಲನಕ್ಕೆ ಕೂರಿಸಿ. ಬ್ರಿಟಿಷ್ ಮಾರ್ಗಸೂಚಿಯು 12ರ ವರ್ಗದಲ್ಲಿ ಮಾದಕವಸ್ತು ಬಳಕೆ ವಿರಳವಾಗಿರಬೇಕು, ಆಕರ್ಷಕವಾಗಿ ಬಿಂಬಿತವಾಗಬಾರದು, ಅದನ್ನು ಹೇಗೆ ಮಾಡುತ್ತಾರೆಂಬ ವಿವರ ಇರಬಾರದು ಎಂದು ಕೇಳುತ್ತದೆ. ವಾದಕರು ಪ್ರವಾಸದ ದಿನಗಳ ನಶೆಯನ್ನು ತಮಾಷೆಯ ಪ್ರಸಂಗವಾಗಿ ಹೇಳಿಕೊಂಡು ನಕ್ಕಿದ್ದರೆ, ಆ ನಗುವನ್ನೂ ಹಾಳೆಯಲ್ಲಿ ಬರೆದುಕೊಳ್ಳಿ. ತಾವು ಮೆಚ್ಚುವ ಕಲಾವಿದರೊಬ್ಬರು ಬದುಕಿ ಉಳಿದು, ಹೆಸರು ಮಾಡಿ, ನಗುತ್ತ ಹೇಳುವ ಕಥೆಗೆ ಎಳೆಯರ ಮೇಲೆ ಇರುವ ಪ್ರಭಾವ ಕಾಲ್ಪನಿಕ ಪಾತ್ರಕ್ಕಿಂತ ಹೆಚ್ಚು ಎಂದು ನಾನು ನಂಬುತ್ತೇನೆ.

ಮೂರನೆಯದು ಗಾಯಕರ ಸಾವು. ಎರಡನೆಯ ಪರೀಕ್ಷೆ ಇಲ್ಲಿ. ಸಂಗತಿಯನ್ನು ಹೇಳುವುದು, ಉಳಿದವರ ದುಃಖವನ್ನು ತೋರಿಸುವುದು ಹದಿಮೂರರ ವರ್ಗಕ್ಕೆ ನಿಲುಕದ್ದಲ್ಲ. ವಿಧಾನ ಯಾವುದು, ಸ್ಥಳ ಯಾವುದು, ಕೊನೆಯ ಚೀಟಿಯಲ್ಲಿ ಏನಿತ್ತು ಎಂಬ ವಿವರಗಳಿದ್ದರೆ ಮಾತ್ರ ವಿಷಯ ಬೇರೆಯಾಗುತ್ತದೆ, ಮತ್ತು ಅಲ್ಲಿ ರೇಟಿಂಗ್ ಏರಿಸುವುದರಿಂದ ಸಮಸ್ಯೆ ಮುಗಿಯುವುದಿಲ್ಲ. ವಿಧಾನದ ವಿವರವನ್ನು ತೆಗೆಯುವುದೇ ಸರಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಚಿತ್ರ ಮತ್ತು ರಂಗಭೂಮಿಯಲ್ಲಿ ಕೆಲಸ ಮಾಡುವವರಿಗಾಗಿಯೇ ಆತ್ಮಹತ್ಯೆ ತಡೆಯ ಕುರಿತು ಕೈಪಿಡಿ ಪ್ರಕಟಿಸಿದೆ. ವಿಧಾನವನ್ನು ತೋರಿಸದಿರುವುದು ಅದರ ಮುಖ್ಯ ಸಲಹೆಗಳಲ್ಲಿ ಒಂದು. ಆ ಸಾವಿನಿಂದಲೇ ಗಾಯಕರು ಅಮರರಾದರು, ಹಾಡುಗಳು ಪ್ರಸಿದ್ಧವಾದವು ಎಂಬ ಧ್ವನಿ ನಿರೂಪಣೆಯಲ್ಲಿ ನುಸುಳಿದ್ದರೆ ಅದನ್ನೂ ತಿದ್ದಿ. ಚಿತ್ರದ ಕೊನೆಯಲ್ಲಿ, ಚಿತ್ರ ಪ್ರದರ್ಶನವಾಗುವ ದೇಶದ ಸಹಾಯವಾಣಿಯ ಸಂಖ್ಯೆಯನ್ನು ಓದಲು ಸಾಕಾಗುವಷ್ಟು ಹೊತ್ತು ಪರದೆಯ ಮೇಲೆ ಇಡಿ.

ಇಷ್ಟೆಲ್ಲ ಆದ ಮೇಲೆ, ಸಂಖ್ಯೆಯ ಪಕ್ಕದಲ್ಲಿ ಬರೆಯುವ ವಿವರಣೆಯ ಸಾಲಿಗೆ ಸಮಯ ಕೊಡಿ. ‘13+’ ಎಂಬುದು ಪೋಷಕರಿಗೆ ಅರ್ಧ ಮಾಹಿತಿ. ‘ಹಾಡಿನಲ್ಲಿ ಒರಟು ಭಾಷೆ, ಮಾದಕವ್ಯಸನದ ಕುರಿತ ಮಾತು, ಆತ್ಮಹತ್ಯೆಯ ಪ್ರಸ್ತಾಪ’ ಎಂದಿದ್ದರೆ, ಮನೆಯಲ್ಲಿ ಇತ್ತೀಚೆಗೆ ಇಂತಹ ಸಾವನ್ನು ಕಂಡವರು ಚಿತ್ರವನ್ನು ಮುಂದೂಡಬಹುದು; ಇಪ್ಪತ್ತು ಕಳೆದವರಿಗೂ ಆ ಸಾಲು ಉಪಯೋಗಕ್ಕೆ ಬರುತ್ತದೆ. ‘ಪ್ರಬುದ್ಧ ವಿಷಯ’ ಎಂಬಂತಹ ಏನನ್ನೂ ಹೇಳದ ಪದಗಳನ್ನು ಬಳಸಬೇಡಿ.

ಪ್ರಶ್ನೆ: ನಮ್ಮ ಚಿತ್ರದಲ್ಲಿ ವೇದಿಕೆಯ ದೀಪಗಳು ಬಹಳ ವೇಗವಾಗಿ ಮಿನುಗುತ್ತವೆ. ಇದಕ್ಕಾಗಿ ವಯೋಮಿತಿ ಏರಿಸಬೇಕೇ?

ಉತ್ತರ: ಬೇಡ. ಇದು ವಯಸ್ಸಿನ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆ. ಆದ್ದರಿಂದ ಎಚ್ಚರಿಕೆಯ ಫಲಕ ಪ್ರತ್ಯೇಕವಾಗಿ ಬೇಕು. ಬೆಳಕಿನ ಮಿನುಗಿನಿಂದ ಅಪಸ್ಮಾರ ಕೆರಳುವವರಲ್ಲಿ ಮಕ್ಕಳು, ಹದಿಹರೆಯದವರು, ವಯಸ್ಕರು ಎಲ್ಲರೂ ಇರುತ್ತಾರೆ, ಮತ್ತು ಕೆಲವರಿಗೆ ಮೊದಲ ಸೆಳೆತ ಬರುವವರೆಗೆ ತಮಗೆ ಈ ತೊಂದರೆ ಇದೆ ಎಂಬುದೇ ತಿಳಿದಿರುವುದಿಲ್ಲ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಟಿವಿಯ ಕಾರ್ಟೂನ್ ಧಾರಾವಾಹಿಯೊಂದರ ಕಂತಿನಲ್ಲಿ ಕೆಂಪು ಮತ್ತು ನೀಲಿ ಬೆಳಕು ಅತಿವೇಗವಾಗಿ ಮಿನುಗಿದ ಕೆಲವೇ ಕ್ಷಣಗಳಿಂದ 600ಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಬೇಕಾಯಿತು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿನುಗು ಇರಬಾರದು ಎಂಬುದು ಪ್ರಸಾರ ಮತ್ತು ಅಂತರ್ಜಾಲ ಮಾನದಂಡಗಳಲ್ಲಿ ಸಾಮಾನ್ಯವಾಗಿ ಕಾಣುವ ಗೆರೆ. ಪರದೆಯ ದೊಡ್ಡ ಭಾಗವನ್ನು ಆವರಿಸುವ ಮಿನುಗು ಮತ್ತು ಗಾಢ ಕೆಂಪಿನ ಮಿನುಗು ಹೆಚ್ಚು ಅಪಾಯಕಾರಿ. ಎಚ್ಚರಿಕೆಯನ್ನು ಚಿತ್ರದ ಆರಂಭದಲ್ಲೂ, ಟ್ರೇಲರಿನ ಆರಂಭದಲ್ಲೂ, ಬರಹದ ವಿವರಣೆಯಲ್ಲೂ ಹಾಕಿ. ಅದಕ್ಕಿಂತ ಒಳ್ಳೆಯದು, ಸಂಕಲನದಲ್ಲಿಯೇ ಆ ಹೊಡೆತವನ್ನು ತಗ್ಗಿಸುವುದು: ಫ್ರೇಮಿನ ಹೊಳಪು ಇಳಿಸಬಹುದು, ಮಿನುಗಿನ ಮಧ್ಯೆ ಸಭಿಕರ ಮುಖದ ಚಿತ್ರಿಕೆ ಸೇರಿಸಬಹುದು. ಬ್ರಿಟನ್ನಿನ ಮಂಡಳಿಯೂ ಮಿನುಗನ್ನು ವಯೋವರ್ಗದ ಅಂಶವಾಗಿ ಪರಿಗಣಿಸದೆ, ಎಚ್ಚರಿಸುವ ಹೊಣೆಯನ್ನು ತಯಾರಕರು ಮತ್ತು ವಿತರಕರ ಮೇಲೆ ಇರಿಸಿದೆ.

ಪ್ರಶ್ನೆ: ಕೆಟ್ಟ ಪದದ ಮೇಲೆ ಬೀಪ್ ಹಾಕಿದರೆ ಕಡಿಮೆ ವಯೋಮಿತಿ ಸಿಗುವುದಿಲ್ಲವೇ?

ಉತ್ತರ: ಕೆಲವೊಮ್ಮೆ ಸಿಗುತ್ತದೆ. ಆದರೆ ತುಟಿಯ ಚಲನೆ ಸ್ಪಷ್ಟವಾಗಿದ್ದು, ಪದದ ಮೊದಲಕ್ಷರವೂ ಕೊನೆಯಕ್ಷರವೂ ಕೇಳುತ್ತಿದ್ದರೆ ಬೀಪ್ ಹಾಕಿದ್ದರಿಂದ ಬದಲಾಗುವುದು ಅಷ್ಟಕ್ಕಷ್ಟೇ. ವಾಕ್ಯದ ಅರ್ಥವೇ ಲೈಂಗಿಕವೋ ಹಿಂಸಾತ್ಮಕವೋ ಆಗಿದ್ದರೆ ಪದ ಮುಚ್ಚಿದರೂ ಅರ್ಥ ಉಳಿಯುತ್ತದೆ. ಹಾಡಿನ ಮಧ್ಯೆ ಬೀಪ್ ಹಾಕುವುದನ್ನಂತೂ ನಾನು ಒಪ್ಪುವುದಿಲ್ಲ. ಅದು ತಾಳವನ್ನೂ ಕೆಡಿಸುತ್ತದೆ, ಕೇಳುಗರ ಗಮನವನ್ನು ಆ ಪದದ ಮೇಲೆಯೇ ನಿಲ್ಲಿಸುತ್ತದೆ. ಹಲವು ತಂಡಗಳು ರೇಡಿಯೋ ಪ್ರಸಾರಕ್ಕೆಂದು ಪದ ಬದಲಿಸಿದ ಆವೃತ್ತಿಯನ್ನು ತಾವೇ ಧ್ವನಿಮುದ್ರಿಸಿರುತ್ತವೆ; ಹಕ್ಕುದಾರರ ಅನುಮತಿ ಪಡೆದು ಅದನ್ನು ಬಳಸುವುದು ಉತ್ತಮ. ಹಾಗೆ ಆಗದಿದ್ದರೆ ಪದವನ್ನು ಇದ್ದಂತೆಯೇ ಉಳಿಸಿ, ಅದಕ್ಕೆ ತಕ್ಕ ವಯೋವರ್ಗವನ್ನು ಒಪ್ಪಿಕೊಳ್ಳಿ.

ಪ್ರಶ್ನೆ: ನಾವು ಬಳಸಿದ ಆಲ್ಬಮ್ಮಿನ ಮೇಲೆ ಪೋಷಕರಿಗೆ ಎಚ್ಚರಿಕೆ ನೀಡುವ ಕಪ್ಪು–ಬಿಳುಪು ಗುರುತಿದೆ. ಹಾಗಾದರೆ ಚಿತ್ರವೂ ವಯಸ್ಕರಿಗೆ ಮಾತ್ರವೇ?

ಉತ್ತರ: ಅಲ್ಲ. ಆ ಗುರುತು 1985ರಲ್ಲಿ ಅಮೆರಿಕದಲ್ಲಿ ಪೋಷಕರ ಗುಂಪೊಂದು ಹಾಡುಗಳ ಸಾಹಿತ್ಯದ ಬಗ್ಗೆ ಎತ್ತಿದ ಆಕ್ಷೇಪದ ಫಲ. ಧ್ವನಿಮುದ್ರಣ ಕಂಪನಿಗಳು ಅದನ್ನು ಸ್ವಯಂಪ್ರೇರಿತವಾಗಿ ಹಾಕುತ್ತವೆ. ಅದರಲ್ಲಿ ವಯಸ್ಸಿನ ಅಂಕಿಯೇ ಇಲ್ಲ, ಯಾವ ಹಾಡಿಗಾಗಿ ಆ ಗುರುತು ಬಂದಿತೆಂದೂ ಇಲ್ಲ. ನಿಮ್ಮ ಚಿತ್ರದಲ್ಲಿ ಕೇಳುವ ಭಾಗವನ್ನಷ್ಟೇ ಪರಿಗಣಿಸಿ.

ಪ್ರಶ್ನೆ: ಕಿರುಚಿತ್ರಕ್ಕೆ, ಅದೂ ಸಂಗೀತದ ಚಿತ್ರಕ್ಕೆ, ಪ್ರಮಾಣಪತ್ರ ಕಡ್ಡಾಯವೇ? ಕೆಲವರು ವಿನಾಯಿತಿ ಇದೆ ಎನ್ನುತ್ತಾರೆ.

ಉತ್ತರ: ಎಲ್ಲಿ ಮತ್ತು ಹೇಗೆ ತೋರಿಸುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಭಾರತದಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಕೇಂದ್ರೀಯ ಚಲನಚಿತ್ರ ಪ್ರಮಾಣೀಕರಣ ಮಂಡಳಿಯ ಪ್ರಮಾಣಪತ್ರ ಬೇಕು. ಉದ್ದ ಕಡಿಮೆ ಎಂಬುದು ಅದರಿಂದ ತಪ್ಪಿಸಿಕೊಳ್ಳುವ ದಾರಿಯಲ್ಲ. ಚಿತ್ರೋತ್ಸವಗಳಿಗೆ ಮಾತ್ರ ಕೇಂದ್ರ ಸರ್ಕಾರದಿಂದ ವಿನಾಯಿತಿ ಪಡೆಯುವ ವ್ಯವಸ್ಥೆ ಇದೆ. 2023ರ ತಿದ್ದುಪಡಿಯ ಬಳಿಕ ಹಳೆಯ ಒಂದೇ ಯುಎ ವರ್ಗವು ಯುಎ 7+, ಯುಎ 13+, ಯುಎ 16+ ಎಂದು ಮೂರಾಗಿದೆ. ಈ ಮೂರೂ ಪೋಷಕರ ವಿವೇಚನೆಗೆ ನೆರವಾಗುವ ಸೂಚನೆಗಳು. ಬಾಗಿಲಲ್ಲಿ ತಡೆಯುವ ಅಧಿಕಾರವಿರುವುದು ‘ಎ’ ವರ್ಗಕ್ಕೆ. ಒಟಿಟಿ ವೇದಿಕೆಗಳು 2021ರ ನಿಯಮಗಳಡಿ ತಮ್ಮಲ್ಲಿಯ ಚಿತ್ರಗಳನ್ನು ತಾವೇ ಇಂತಹದೇ ಐದು ವರ್ಗಗಳಲ್ಲಿ ವಿಂಗಡಿಸಿ, ವಿಷಯದ ವಿವರಣೆಯನ್ನೂ ತೋರಿಸಬೇಕು. 13+ ಮತ್ತು ಅದಕ್ಕೆ ಮೇಲಿನ ವರ್ಗಗಳಿಗೆ ಪೋಷಕರು ಬೀಗ ಹಾಕುವ ಅನುಕೂಲ ಇರಬೇಕು.

ವಿನಾಯಿತಿಯ ಮಾತು ಬಹುಶಃ ಬ್ರಿಟನ್ನಿನಿಂದ ಬಂದದ್ದು. ಅಲ್ಲಿಯ 1984ರ ವಿಡಿಯೋ ಕಾಯ್ದೆ ಸಂಗೀತ, ಕ್ರೀಡೆ, ಧರ್ಮ, ಶಿಕ್ಷಣದ ವಿಡಿಯೋಗಳನ್ನು ವರ್ಗೀಕರಣದಿಂದ ಹೊರಗಿಟ್ಟಿತ್ತು. ಸಂಗೀತದ ಹೆಸರಿನಲ್ಲಿ ಮಕ್ಕಳಿಗೆ ತಕ್ಕುದಲ್ಲದ ದೃಶ್ಯಗಳು ಯಾವ ಗುರುತೂ ಇಲ್ಲದೆ ಮಾರಾಟವಾಗುತ್ತಿವೆ ಎಂಬ ಆತಂಕ ಬೆಳೆದು, 2014ರ ಅಕ್ಟೋಬರ್ 1ರಿಂದ ಆ ವಿನಾಯಿತಿಯನ್ನು ಮೊಟಕುಗೊಳಿಸಲಾಯಿತು. ಹನ್ನೆರಡರ ಒಳಗಿನವರಿಗೆ ತಕ್ಕುದಲ್ಲದ ಅಂಶಗಳಿದ್ದರೆ ಸಂಗೀತದ ವಿಡಿಯೋಗೂ ಈಗ ವರ್ಗೀಕರಣ ಬೇಕು. ಆಸ್ಟ್ರೇಲಿಯಾದಲ್ಲಿಯೂ ಸಂಗೀತ ಪ್ರಸ್ತುತಿಗೆ ವಿನಾಯಿತಿ ಇದೆ, ಆದರೆ ಅದರ ಅಂಶಗಳು ಪಿಜಿ (ಪೋಷಕರ ಮಾರ್ಗದರ್ಶನ) ಮಟ್ಟವನ್ನು ಮೀರಬಾರದು. ಜರ್ಮನಿಯಲ್ಲಿ ಮಾಹಿತಿ ಮತ್ತು ಬೋಧನೆಯ ಚಿತ್ರಗಳಿಗೆ ಎಳೆಯರಿಗೆ ಹಾನಿಯಿಲ್ಲವೆಂಬುದು ಸ್ಪಷ್ಟವಿದ್ದಾಗ ತಯಾರಕರೇ ‘ಮಾಹಿತಿ ಕಾರ್ಯಕ್ರಮ’ ಎಂಬ ಗುರುತು ಹಾಕಿಕೊಳ್ಳಬಹುದು. ಉಳಿದವು 0, 6, 12, 16, 18 ಎಂಬ ವರ್ಗಗಳಿಗೆ ಬರುತ್ತವೆ. ವಿನಾಯಿತಿ ಪಡೆಯಲೂ ನೀವು ಮೊದಲು ಮನಸ್ಸಿನಲ್ಲಾದರೂ ವರ್ಗೀಕರಣ ಮಾಡಿಕೊಂಡಿರಲೇಬೇಕು, ಏಕೆಂದರೆ ಈ ದೇಶಗಳಲ್ಲಿ ವಿನಾಯಿತಿ ನಿಂತಿರುವುದು ಚಿತ್ರದಲ್ಲಿ ಏನಿದೆ ಎಂಬುದರ ಮೇಲೆಯೇ.

ಹಲವು ಕಿರುಚಿತ್ರಗಳನ್ನು ಒಂದೇ ಪ್ರದರ್ಶನದಲ್ಲಿ ಜೋಡಿಸುವುದಾದರೆ, ಅವುಗಳಲ್ಲಿ ಅತಿ ಹೆಚ್ಚಿನ ವಯೋಮಿತಿ ಇರುವ ಚಿತ್ರವೇ ಇಡೀ ಪ್ರದರ್ಶನದ ಪ್ರೇಕ್ಷಕರನ್ನು ನಿರ್ಧರಿಸುತ್ತದೆ. ಆಯೋಜಕರಿಗೆ ಇದನ್ನು ಮೊದಲೇ ತಿಳಿಸಿ.

ಪ್ರಶ್ನೆ: ಮಕ್ಕಳ ಗಾಯನ ತಂಡದ ಬಗ್ಗೆ ನಾವು ಮಾಡಿದ ಚಿತ್ರಕ್ಕೆ ‘ಯು’ ದೊರೆತಿದೆ. ಯೂಟ್ಯೂಬ್‌ನಲ್ಲಿ ‘ಮಕ್ಕಳಿಗಾಗಿ ಮಾಡಿದ್ದು’ ಎಂಬ ಆಯ್ಕೆಯನ್ನೇ ಒತ್ತಬೇಕಲ್ಲವೇ?

ಉತ್ತರ: ಹಾಗೇನಿಲ್ಲ. ಮಕ್ಕಳು ನೋಡಬಹುದಾದ ಚಿತ್ರ ಬೇರೆ, ಮಕ್ಕಳನ್ನೇ ಉದ್ದೇಶಿಸಿದ ಚಿತ್ರ ಬೇರೆ. ಆ ಆಯ್ಕೆ ಬಂದದ್ದು ವಯೋವರ್ಗೀಕರಣಕ್ಕಾಗಿ ಅಲ್ಲ. ಮಕ್ಕಳ ಖಾಸಗಿ ಮಾಹಿತಿಯ ಕುರಿತ ಅಮೆರಿಕದ ಕಾನೂನಿನಡಿ 2019ರಲ್ಲಿ ಆದ ಒಪ್ಪಂದದ ಫಲವಾಗಿ. ಅದನ್ನು ಆರಿಸಿದರೆ ಪ್ರತಿಕ್ರಿಯೆಗಳು ಮುಚ್ಚುತ್ತವೆ, ವೈಯಕ್ತಿಕ ಜಾಹೀರಾತುಗಳು ನಿಲ್ಲುತ್ತವೆ. ನಿಮ್ಮ ಚಿತ್ರ ಸಂಗೀತ ಶಿಕ್ಷಕರನ್ನೂ ಪೋಷಕರನ್ನೂ ಉದ್ದೇಶಿಸಿದ್ದಾದರೆ ಆ ಆಯ್ಕೆ ಅಗತ್ಯವಿಲ್ಲ. ಹಾಗಿದ್ದರೂ ಪರದೆಯ ಮೇಲೆ ನಿಜವಾದ ಮಕ್ಕಳಿದ್ದಾರೆ. ಪ್ರತಿಕ್ರಿಯೆಗಳನ್ನು ನೀವಾಗಿಯೇ ಮುಚ್ಚಿಡುವುದು ಒಳ್ಳೆಯದು, ಅವರ ಶಾಲೆಯ ಹೆಸರು ಮತ್ತು ಮನೆಯ ಗುರುತು ಸಿಗುವ ಚಿತ್ರಿಕೆಗಳನ್ನು ತೆಗೆಯುವುದು ಇನ್ನೂ ಒಳ್ಳೆಯದು.

ಪ್ರಶ್ನೆ: ಸಾಕ್ಷ್ಯಚಿತ್ರ ತೋರಿಸುವುದು ನಿಜವನ್ನೇ ಅಲ್ಲವೇ? ನಿಜಕ್ಕೆ ವಯೋಮಿತಿ ಹಾಕುವುದು ಸರಿಯೇ? ಮಂಡಳಿ ನಾವು ಕೇಳಿದ್ದಕ್ಕಿಂತ ಹೆಚ್ಚಿನ ವರ್ಗ ಕೊಟ್ಟರೆ ಏನು ಮಾಡಬೇಕು?

ಉತ್ತರ: ನಿಮ್ಮ ಪ್ರಶ್ನೆ ಒಮ್ಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ನಿರ್ದೇಶಕ ಕೆ.ಎ. ಅಬ್ಬಾಸ್ ಅವರು ನಾಲ್ಕು ನಗರಗಳ ಸಿರಿತನವನ್ನೂ ಬಡತನವನ್ನೂ ಎದುರುಬದುರು ಇಟ್ಟು ತೋರಿಸಿದ ಕಿರು ಸಾಕ್ಷ್ಯಚಿತ್ರಕ್ಕೆ, ಅದರಲ್ಲಿ ವೇಶ್ಯಾವಾಟಿಕೆಯ ಬೀದಿಯ ದೃಶ್ಯಗಳಿದ್ದ ಕಾರಣ, ಮಂಡಳಿ ‘ಯು’ ನಿರಾಕರಿಸಿ ‘ಎ’ ಕೊಡಲು ಮುಂದಾಗಿತ್ತು. ಪ್ರಕರಣ ನಡೆಯುತ್ತಿರುವಾಗಲೇ ಸರ್ಕಾರ ಕತ್ತರಿಯಿಲ್ಲದೆ ‘ಯು’ ಕೊಡಲು ಒಪ್ಪಿದರೂ, ಬಿಡುಗಡೆಗೆ ಮುನ್ನ ಚಿತ್ರಗಳನ್ನು ಪರಿಶೀಲಿಸುವುದೇ ಸಂವಿಧಾನಬದ್ಧವೇ ಎಂಬ ಮೂಲ ಪ್ರಶ್ನೆಯನ್ನು ಅಬ್ಬಾಸ್ ಬಿಡಲಿಲ್ಲ. 1970ರ ತೀರ್ಪಿನಲ್ಲಿ ನ್ಯಾಯಾಲಯವು ಚಲಿಸುವ ಚಿತ್ರ ಇತರ ಕಲೆಗಳಿಗಿಂತ ಆಳವಾಗಿ ಭಾವನೆಗಳನ್ನು ಕಲಕುತ್ತದೆ ಎಂಬ ಕಾರಣ ನೀಡಿ ಪರಿಶೀಲನೆಯನ್ನು ಎತ್ತಿಹಿಡಿಯಿತು. ಆಗ ಇದ್ದದ್ದು ‘ಯು’ ಮತ್ತು ‘ಎ’ ಎಂಬ ಎರಡೇ ಮುಖ್ಯ ವರ್ಗಗಳು. ನಡುವಿನ ಮೆಟ್ಟಿಲು ಇರಲಿಲ್ಲ. 1983ರಲ್ಲಿ ಯುಎ ಬಂತು. ಅಂದಿನ ಅಬ್ಬಾಸರಿಗೆ ದೊರೆಯದ ಮೂರು ಮೆಟ್ಟಿಲುಗಳು ಇಂದು ನಿಮಗಿವೆ ಎಂಬ ಕಾರಣಕ್ಕೇ, ನಿಜವನ್ನು ಕತ್ತರಿಸದೆ ಅದಕ್ಕೆ ತಕ್ಕ ವಯಸ್ಸನ್ನು ಹುಡುಕುವುದು ಸಾಧ್ಯವಾಗಿದೆ. ನಿಜವೆಂಬುದು ಸಂದರ್ಭವನ್ನು ಬಲಪಡಿಸುತ್ತದೆ, ತೀವ್ರತೆಯನ್ನು ತಗ್ಗಿಸುವುದಿಲ್ಲ. ನಟಿಸಿದ ಅಳುವಿಗಿಂತ ನಿಜವಾದ ಅಳು ಮಗುವನ್ನು ಹೆಚ್ಚು ಕಲಕಬಹುದು.

ಹೆಚ್ಚಿನ ವರ್ಗ ಬಂದರೆ ಮೊದಲು ಯಾವ ದೃಶ್ಯ, ಯಾವ ಪದ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ. ಬಳಿಕ ನಿಮ್ಮ ನಿಮಿಷವಾರು ಹಾಳೆಯನ್ನು ಮುಂದಿಟ್ಟು, ಚಿತ್ರವನ್ನು ಅದರ ಒಟ್ಟು ಪರಿಣಾಮದಿಂದ ನೋಡಬೇಕೆಂಬ ಮಾರ್ಗಸೂಚಿಯ ಆಧಾರದಲ್ಲಿ ಮರುಪರಿಶೀಲನೆ ಕೇಳಿ. ಭಾರತದಲ್ಲಿ ಪರಿಶೀಲನಾ ಸಮಿತಿಯ ನಂತರ ಪರಿಷ್ಕರಣ ಸಮಿತಿ ಇದೆ; ಅದರ ಮೇಲಿದ್ದ ಮೇಲ್ಮನವಿ ನ್ಯಾಯಮಂಡಳಿ 2021ರಲ್ಲಿ ರದ್ದಾದ್ದರಿಂದ ಮುಂದಿನ ದಾರಿ ಹೈಕೋರ್ಟಿಗೆ ಹೋಗುತ್ತದೆ. ಕಿರುಚಿತ್ರದ ತಯಾರಕರಿಗೆ ಆ ಖರ್ಚೂ ಸಮಯವೂ ಹೊರೆಯೇ. ಅದರಿಂದಾಗಿ ಅರ್ಜಿ ಹಾಕುವ ಮುನ್ನವೇ ಎರಡು ಆವೃತ್ತಿಗಳನ್ನು ಯೋಚಿಸಿಟ್ಟುಕೊಳ್ಳಿ: ಪೂರ್ಣ ಚಿತ್ರ ಒಂದು, ಶಾಲೆಗಳಲ್ಲಿ ತೋರಿಸಲು ಪಲ್ಲವಿಯನ್ನು ಮೊಟಕುಗೊಳಿಸಿದ್ದು ಇನ್ನೊಂದು. ಎರಡಕ್ಕೂ ಪ್ರತ್ಯೇಕ ಅರ್ಜಿ ಬೇಕು, ಮತ್ತು ಹೆಸರಿನ ಜೊತೆಗೆ ಯಾವುದು ಯಾವ ಆವೃತ್ತಿ ಎಂಬುದು ಚಿತ್ರದ ಮೊದಲ ಫಲಕದಲ್ಲಿಯೇ ಕಾಣಬೇಕು.